ಕ್ಯೋಟೊದಲ್ಲಿ ಒಂದು ದಿನ: ಪ್ರವಾಸ ಗದ್ಯದ ಮಾದರಿ ಪಾಠ

ತರಗತಿ: 9 | ವಿಷಯ: ಪ್ರಥಮ ಭಾಷೆ ಕನ್ನಡ (ಗದ್ಯ) | ಅವಧಿ: 45 ನಿಮಿಷ

ಈ ಪಾಠ ಏಕೆ?

ಪ್ರವಾಸ ಗದ್ಯ ಬೋಧಿಸುವ ಪ್ರಶಿಕ್ಷಣಾರ್ಥಿಗೆ ಎರಡು ತೊಡಕುಗಳು ಎದುರಾಗುತ್ತವೆ. ತಾನೂ ನೋಡದ, ಮಕ್ಕಳೂ ನೋಡದ ಊರನ್ನು ತರಗತಿಗೆ ತರುವುದು ಮೊದಲನೆಯದು. ಚಿತ್ರ ತೋರಿಸಿ ‘ಎಷ್ಟು ಸುಂದರ’ ಎಂದರೆ ಅವಧಿ ಮುಗಿಯುತ್ತದೆ, ಕಲಿಕೆ ಆಗಿರುವುದಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ಪರರ ಪೂಜಾಪದ್ಧತಿ ಓದುವಾಗ ತರಗತಿಯಲ್ಲಿ ನಗು ಏಳುತ್ತದೆ. ಅದನ್ನು ಗದರಿ ಅಡಗಿಸುವುದು ಸುಲಭ. ಪ್ರಶ್ನೆಯಾಗಿ ತಿರುಗಿಸುವುದು ಬೋಧನೆ.

ಉದ್ದೇಶಗಳು

1. ಕಂಡದ್ದನ್ನೂ ಅನಿಸಿದ್ದನ್ನೂ ಬೇರ್ಪಡಿಸಿ ಹೇಳುವರು.
2. ಹೋಲಿಕೆ ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಗುರುತಿಸುವರು.
3. ನೋಡಿದ ಸ್ಥಳದ ಬಗ್ಗೆ ಐದು ಖಚಿತ ವಾಕ್ಯ ಬರೆಯುವರು.

ಪಠ್ಯಭಾಗ (ಈ ಪಾಠಕ್ಕೆಂದೇ ರಚಿಸಿದ್ದು)

‘ನಾವು ನಾಲ್ವರು ಗೆಳತಿಯರು ಬೆಳಿಗ್ಗೆ ಕ್ಯೋಟೊ ನಿಲ್ದಾಣದಿಂದ ರೈಲು ಹಿಡಿದು ಇನಾರಿ ನಿಲ್ದಾಣದಲ್ಲಿ ಇಳಿದೆವು. ಎದುರಿಗೇ ಫುಷಿಮಿ ಇನಾರಿ. ನೀರಿನ ತೊಟ್ಟಿಯ ಬಳಿ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು ಬಾಯಿ ಮುಕ್ಕಳಿಸಿದೆವು. ಗುಡ್ಡದ ದಾರಿಯುದ್ದಕ್ಕೂ ಕಿತ್ತಳೆಗೆಂಪಿನ ತೋರಿ ದ್ವಾರಗಳು, ಒಂದಕ್ಕೊಂದು ತಾಗುವಷ್ಟು ಹತ್ತಿರ. ಹತ್ತುವಾಗ ಕಂಬಗಳ ಮೇಲೆ ಏನೂ ಇರಲಿಲ್ಲ. ಇಳಿಯುವಾಗ ನೋಡಿದರೆ ಪ್ರತಿ ಕಂಬದಲ್ಲೂ ಕಪ್ಪು ಅಕ್ಷರ: ದ್ವಾರ ಕೊಟ್ಟವರ ಹೆಸರು.

ಮಧ್ಯಾಹ್ನ ರ್‍ಯೋಆನ್‌ಜಿಗೆ ಹೋದೆವು. ಬಿಳಿ ಹರಳು ಹಾಸಿದ ಅಂಗಳದಲ್ಲಿ 15 ಬಂಡೆಗಳು; ಕೊಳವಿಲ್ಲ, ಹೂಗಿಡವಿಲ್ಲ. ಮರದ ಜಗಲಿಯಲ್ಲಿ ಕೂತು ಎಣಿಸಿದೆ, 14 ಬಂತು. ಆ ತುದಿಯಲ್ಲಿ ಕೂತವಳಿಗೂ 14. ಇಬ್ಬರೂ ಜಾಗ ಬದಲಿಸಿದೆವು. ಕಾಣದಿದ್ದ ಕಲ್ಲು ಕಂಡಿತು, ಕಂಡಿದ್ದ ಕಲ್ಲೊಂದು ಮರೆಯಾಯಿತು.’

ಶಿಕ್ಷಕರಿಗೆ ಹಿನ್ನೆಲೆ

ಫುಷಿಮಿ ಇನಾರಿಯ ಆರಂಭವನ್ನು ಸಂಪ್ರದಾಯ ಕ್ರಿ.ಶ. 711ಕ್ಕೆ ಒಯ್ಯುತ್ತದೆ. ಜಪಾನಿನಾದ್ಯಂತ ಇರುವ ಇನಾರಿ ಗುಡಿಗಳಿಗೆ ಇದೇ ಮೂಲಸ್ಥಾನ. ರ್‍ಯೋಆನ್‌ಜಿ 1450ರಲ್ಲಿ ಸ್ಥಾಪನೆಯಾದ ಜೆನ್ ಬೌದ್ಧ ದೇವಾಲಯ. 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕ್ಯೋಟೊ ಪ್ರದೇಶದ 17 ತಾಣಗಳಲ್ಲಿ ಒಂದು.

ಬೋಧನಾ ಹಂತಗಳು

ಪೀಠಿಕೆ (5 ನಿಮಿಷ): ‘ದೇವಸ್ಥಾನದ ಒಳಗೆ ಹೋಗುವ ಮೊದಲು ಏನೇನು ಮಾಡುತ್ತೀರಿ?’ ಚಪ್ಪಲಿ ಬಿಡುವುದು, ಕೈಕಾಲು ತೊಳೆಯುವುದು, ಗಂಟೆ ಬಾರಿಸುವುದು ಎಂದು ಮಕ್ಕಳು ಹೇಳಿದ್ದನ್ನೆಲ್ಲ ಕಪ್ಪುಹಲಗೆಯ ಒಂದು ಬದಿಗೆ ಬರೆಯಿರಿ. ಪಠ್ಯ ಓದಿದ ಮೇಲೆ ಇದೇ ಪಟ್ಟಿ ನೆರವಿಗೆ ಬರುತ್ತದೆ.

ಪದ ಪರಿಚಯ (10 ನಿಮಿಷ): ಕನ್ನಡದಲ್ಲಿ ನಾವು ಎರಡನ್ನೂ ದೇವಸ್ಥಾನ ಎಂದುಬಿಡುತ್ತೇವೆ. ಜಪಾನಿನಲ್ಲಿ ಶಿಂಟೊ ಪೂಜಾಸ್ಥಳ ‘ಜಿಂಜಾ’, ಬೌದ್ಧರದು ‘ತೆರಾ’. ಹಲಗೆಯಲ್ಲಿ ಎರಡು ಕಂಬಸಾಲು ಮಾಡಿ. ಜಿಂಜಾದಲ್ಲಿ ಸಾಮಾನ್ಯವಾಗಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ತೆರಾದಲ್ಲಿ ಚಪ್ಪಾಳೆ ಇಲ್ಲ, ಸುಮ್ಮನೆ ಕೈ ಜೋಡಿಸುತ್ತಾರೆ. ಒಂದೇ ಮನೆಯವರು ಎರಡೂ ಕಡೆ ಹೋಗುವುದುಂಟು ಎಂಬುದನ್ನೂ ಸೇರಿಸಿ.

ಹೋಲಿಕೆಯ ಚರ್ಚೆ (10 ನಿಮಿಷ): ಇನಾರಿಯ ಚಿತ್ರದಲ್ಲಿ ಕಲ್ಲಿನ ನರಿಗಳು ಕಾಣುತ್ತವೆ. ‘ಟೀಚರ್, ಅವರು ನರಿಗೆ ಪೂಜೆ ಮಾಡ್ತಾರಾ?’ ಎಂಬ ಪ್ರಶ್ನೆ ನಗುವಿನೊಂದಿಗೆ ಬಂದೇ ಬರುತ್ತದೆ. ‘ಗಣಪತಿ ಗುಡಿಯಲ್ಲಿ ಇಲಿ ಏಕೆ ಇದೆ?’ ಎಂದು ಮರುಪ್ರಶ್ನೆ ಹಾಕಿ. ನಗು ನಿಲ್ಲುತ್ತದೆ, ಯೋಚನೆ ಶುರುವಾಗುತ್ತದೆ. ಆದರೆ ಅಲ್ಲೇ ನಿಂತರೆ ಅರ್ಧ ಪಾಠ. ಇಲಿ ಗಣಪತಿಯ ವಾಹನ. ನರಿ ಬತ್ತದ ಬೆಳೆ ಕಾಯುವ ಇನಾರಿಯ ದೂತ. ಕೆಲವು ನರಿಗಳ ಬಾಯಲ್ಲಿ ಕಣಜದ ಬೀಗದಕೈ ಇರುತ್ತದೆ. ಹೋಲಿಕೆ ಹತ್ತಿರ ಕರೆದೊಯ್ಯುತ್ತದೆ, ವ್ಯತ್ಯಾಸ ಅರ್ಥ ಕೊಡುತ್ತದೆ.

ಹೋಲಿಕೆ ಬೇರೆ, ನಂಟು ಬೇರೆ ಎಂಬುದಕ್ಕೆ ಬೆಂಜೈತೆನ್ ಉದಾಹರಣೆ. ಈಕೆ ಸರಸ್ವತಿಯನ್ನು ‘ಹೋಲುವ’ ದೇವತೆಯಲ್ಲ. ಬೌದ್ಧ ಗ್ರಂಥಗಳೊಡನೆ ಚೀನಾದ ಮೂಲಕ ಜಪಾನ್ ತಲುಪಿದ ಸರಸ್ವತಿಯೇ ಆಕೆ. ಅಲ್ಲಿ ಅವಳ ಕೈಯಲ್ಲಿರುವುದು ಬಿವಾ ಎಂಬ ತಂತಿವಾದ್ಯ.

ಚಟುವಟಿಕೆ (15 ನಿಮಿಷ): ಐದೈದು ಮಕ್ಕಳ ಗುಂಪಿಗೆ ದೊಡ್ಡವು, ಚಿಕ್ಕವು ಸೇರಿ ಏಳು ಕಲ್ಲುಗಳನ್ನು ಕೊಡಿ. ಮೇಜಿನ ಮೇಲೆ ಅವನ್ನು ಹೇಗೆ ಇಟ್ಟರೆ ಒಂದು ಬದಿಯಲ್ಲಿ ಎಲ್ಲಿ ಕೂತರೂ ಒಂದಾದರೂ ಮರೆಯಾಗುತ್ತದೆ? ಕಣ್ಣು ಮೇಜಿನ ಮಟ್ಟಕ್ಕೆ ಬರುವಂತೆ ಕೂತು ನೋಡಲಿ. ಇಟ್ಟು, ಎಣಿಸಿ, ಜರುಗಿಸಿ ಮಕ್ಕಳೇ ಉಪಾಯ ಕಂಡುಕೊಳ್ಳಲಿ; ಉತ್ತರ ಹೇಳಿಕೊಡಬೇಡಿ.

ಮೌಲ್ಯಮಾಪನ (5 ನಿಮಿಷ)

1. ಕಂಬದ ಅಕ್ಷರಗಳು ಹತ್ತುವಾಗ ಏಕೆ ಕಾಣಲಿಲ್ಲ?
2. ಇಬ್ಬರಿಗೂ 14 ಬಂದರೂ ಇಬ್ಬರೂ ನೋಡಿದ್ದು ಒಂದೇ ತೋಟವೇ? ಕಾರಣ ಕೊಡಿ.

ಗೃಹಪಾಠ

ಇಬ್ಬರು ಗೆಳೆಯರು ಊರಿನ ಒಂದೇ ಸ್ಥಳವನ್ನು ಎರಡು ಬದಿಯಿಂದ ನೋಡಿ ಐದೈದು ವಾಕ್ಯ ಬರೆಯಿರಿ. ‘ಸುಂದರ’, ‘ಅದ್ಭುತ’ ಎಂಬ ಪದಗಳನ್ನು ಬಳಸಬಾರದು. ಮರುದಿನ ಒಬ್ಬರದನ್ನೊಬ್ಬರು ಓದಿ, ತಮಗೆ ಕಾಣದೆ ಹೋದ ಒಂದನ್ನು ಗುರುತು ಹಾಕಬೇಕು.

ಪಾಠ ವೀಕ್ಷಕರ ಗಮನಕ್ಕೆ

ಪ್ರಶಿಕ್ಷಣಾರ್ಥಿ ಎಷ್ಟು ಪ್ರಶ್ನೆ ಕೇಳಿದರು ಎಂದು ಮಾತ್ರ ಲೆಕ್ಕ ಹಾಕಬೇಡಿ. ನರಿಯ ಪ್ರಶ್ನೆ ಕೇಳಿದ ಮಗು ಅವಧಿಯ ಕೊನೆಯಲ್ಲಿ ಬೇರೊಂದು ಪ್ರಶ್ನೆ ಕೇಳಿತೇ, ಅದು ಮೊದಲಿನದಕ್ಕಿಂತ ಆಳವಾಗಿತ್ತೇ ಎಂದು ಬರೆದುಕೊಳ್ಳಿ. ಪಾಠದ ನಂತರದ ಚರ್ಚೆಯನ್ನು ಅಲ್ಲಿಂದಲೇ ಆರಂಭಿಸಿ.