ಕೈತೋಟದ ಕಾಲಜ್ಞಾನ

ನಾಟಿ ಅವರೆಯ ಬೀಜವನ್ನು ಜೂನ್ ತಿಂಗಳಲ್ಲಿ ಊರಿದರೂ ಆಗಸ್ಟಿನಲ್ಲಿ ಊರಿದರೂ ಬಳ್ಳಿ ಹೂ ಬಿಡುವುದು ಬಹುಮಟ್ಟಿಗೆ ಒಂದೇ ಕಾಲದಲ್ಲಿ, ಚಳಿ ಕಾಲಿಡುವ ನವೆಂಬರಿನ ಸುಮಾರಿಗೆ. ಮೊದಲು ಊರಿದ ಬಳ್ಳಿಯು ಅಲ್ಲಿಯವರೆಗೆ ಚಪ್ಪರವನ್ನೆಲ್ಲ ಹಬ್ಬಿ ಎಲೆಯ ರಾಶಿಯಾಗಿ ನಿಂತಿರುತ್ತದೆಯೇ ಹೊರತು ಒಂದು ಮೊಗ್ಗನ್ನೂ ತೋರುವುದಿಲ್ಲ. ಗೊಬ್ಬರ ಸಾಲದೆಂದು ಬಗೆದು ಮತ್ತಷ್ಟು ಹಾಕಿದರೆ ಎಲೆ ಮತ್ತಷ್ಟು ಹೆಚ್ಚುತ್ತದೆ, ಅಷ್ಟೆ. ಹಾಗಾದರೆ ಬಳ್ಳಿಗೆ ತಿಂಗಳು ತಿಳಿಯುವುದು ಹೇಗೆ?

ಚಳಿಯೇ ಕಾರಣವೆಂದು ತೋರುವುದು ಸಹಜ. ಆದರೆ ಚಳಿ ಒಂದು ವರ್ಷ ಬೇಗ ಬರುತ್ತದೆ, ಇನ್ನೊಂದು ವರ್ಷ ತಡಮಾಡುತ್ತದೆ. ವರ್ಷವರ್ಷವೂ ತಪ್ಪದೆ ಒಂದೇ ಕ್ರಮದಲ್ಲಿ ಬದಲಾಗುವುದು ಹಗಲಿರುಳುಗಳ ಉದ್ದ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ೧೯೨೦ರಲ್ಲಿ ಇದೇ ಬಗೆಯ ಒಗಟನ್ನು ಬಿಡಿಸಿದರು. ಬೇರೆಬೇರೆ ದಿನಗಳಲ್ಲಿ ಬಿತ್ತಿದ ಒಂದು ಜಾತಿಯ ಸೋಯಾ ಅವರೆ ಸೆಪ್ಟೆಂಬರಿನ ಸುಮಾರಿಗೆ ಒಟ್ಟಿಗೇ ಹೂ ಬಿಡುತ್ತಿದ್ದುದನ್ನು ಅವರು ಕಂಡಿದ್ದರು. ಬೇಸಿಗೆಯಲ್ಲಿ ಹೂ ಬಿಡದ ಗಿಡಗಳನ್ನು ಸಂಜೆಯಾಗುವ ಮುನ್ನವೇ ಕತ್ತಲೆಯ ಕೋಣೆಯೊಳಗಿಟ್ಟು ಹಗಲನ್ನು ಮೊಟಕುಗೊಳಿಸಿದಾಗ ಅವು ಹೂ ಬಿಟ್ಟವು! ೧೯೩೮ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಮತ್ತೊಂದು ಹೆಜ್ಜೆ ಮುಂದೆ ಹೋದರು. ನೀಳವಾದ ಇರುಳಿನ ನಡುವೆ ಸ್ವಲ್ಪ ಹೊತ್ತು ದೀಪ ಬೆಳಗಿದರೂ ಸಾಕು, ಇಂತಹ ಗಿಡ ಹೂ ಬಿಡುವುದಿಲ್ಲ. ಎಂದರೆ ಗಿಡ ಅಳೆಯುವುದು ಮುಖ್ಯವಾಗಿ ಇರುಳನ್ನು. ಬೆಳಕನ್ನು ಗ್ರಹಿಸುವ ಫೈಟೊಕ್ರೋಮ್ ಎಂಬ ವರ್ಣದ್ರವ್ಯವು ಗಿಡಗಳಲ್ಲಿದೆಯೆಂಬುದು ೧೯೫೯ರಲ್ಲಿ ಸಿದ್ಧವಾಯಿತು.

ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೀರ್ಘವಾದ ಹಗಲು ಸುಮಾರು ೧೨ ಗಂಟೆ ೫೦ ನಿಮಿಷ. ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು ೧೧ ಗಂಟೆ ೨೦ ನಿಮಿಷ. ನಮ್ಮ ಗಮನಕ್ಕೇ ಬಾರದ ಈ ಒಂದೂವರೆ ಗಂಟೆಯ ವ್ಯತ್ಯಾಸ ಅವರೆಗೆ ಸಾಕು. ರಾತ್ರಿಯೆಲ್ಲ ಬೀದಿದೀಪದ ಬೆಳಕು ಬೀಳುವ ಮೂಲೆಯಲ್ಲಿ ಅವರೆಯ ಚಪ್ಪರ ಹಾಕದಿರುವುದು ಮೇಲು.

ಎಲ್ಲ ತರಕಾರಿಗಳೂ ಇರುಳನ್ನೇ ಕಾಯುವುದಿಲ್ಲ. ಟೊಮೇಟೊಗೆ ಬೇಕಾದುದು ತಂಪಾದ ರಾತ್ರಿ. ರಾತ್ರಿಯ ಉಷ್ಣತೆ ೧೫ರಿಂದ ೨೦ ಡಿಗ್ರಿ ಸೆಂಟಿಗ್ರೇಡಿನಷ್ಟಿದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಸೆಕೆ ಹೆಚ್ಚಿದರೆ ಪರಾಗ ಕೆಟ್ಟು ಹೂಗಳು ಉದುರುತ್ತವೆ. ಮೂಲಂಗಿ, ಗಜ್ಜರಿ, ನವಿಲುಕೋಸು, ಹೂಕೋಸುಗಳನ್ನು ಬಯಲುಸೀಮೆಯಲ್ಲಿ ಅಕ್ಟೋಬರಿನ ಸುಮಾರಿಗೆ ಆರಂಭಿಸುವುದು ಇದರಂತೆಯೇ ತಂಪಿಗಾಗಿ. ಬೇಸಿಗೆಯ ಮೂಲಂಗಿ ಖಾರವಾಗಿ, ಬೆಂಡಾಗಿ, ಬೇಗನೆ ಹೂದಂಟು ಎತ್ತುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ಕೈತೋಟವನ್ನು ಪಾಳು ಬಿಡಬೇಕಾಗಿಲ್ಲ. ಹರಿವೆ ಮತ್ತು ದಂಟಿನ ಸೊಪ್ಪುಗಳು ಜೋಳ, ಕಬ್ಬುಗಳಂತೆಯೇ ಬಿಸಿಲಿನಲ್ಲಿ ಇಂಗಾಲಾಮ್ಲವನ್ನು ಬಹು ದಕ್ಷತೆಯಿಂದ ಹೀರಬಲ್ಲವು. ನೀರೊಂದಿದ್ದರೆ ಏಪ್ರಿಲಿನಲ್ಲೂ ಸೊಂಪಾಗಿ ಬೆಳೆಯುತ್ತವೆ. ಬೆಂಡೆಯೂ ಬಿಸಿಲಿಗೆ ಅಂಜದು.

ಮುಂಗಾರಿನ ಬಳ್ಳಿಗಳ ಕಥೆ ಬೇರೆ. ಸೋರೆ, ಹೀರೆ, ಸೌತೆ, ಕುಂಬಳಗಳಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆಬೇರೆಯಾಗಿರುವುದು ಸಾಮಾನ್ಯ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರವೇ ಇರುವುದರಿಂದ ಗುರುತು ಸುಲಭ. ಸೆಕೆ ಮತ್ತು ದೀರ್ಘವಾದ ಹಗಲುಗಳಲ್ಲಿ ಗಂಡು ಹೂಗಳು ಹೆಚ್ಚು. ತಂಪು ಹೆಚ್ಚಿ ಹಗಲು ಕಿರಿದಾದಂತೆ ಹೆಣ್ಣು ಹೂಗಳ ಪ್ರಮಾಣ ಏರುತ್ತದೆ. ಆದುದರಿಂದ ಬರಿಯ ಗಂಡು ಹೂಗಳನ್ನು ಕಂಡು ಬಳ್ಳಿಯನ್ನು ಕಿತ್ತೆಸೆಯುವುದು ಆತುರದ ಕೆಲಸ. ಸೋರೆಯ ಬಿಳಿಯ ಹೂ ಅರಳುವುದು ಸಂಜೆಗೆ. ಆಗ ಹಾರಾಡುವ ಪತಂಗಗಳು ತೋಟದಲ್ಲಿ ಕಾಣದಿದ್ದರೆ, ಗಂಡು ಹೂವೊಂದನ್ನು ಕಿತ್ತು ಅದರ ಪರಾಗವನ್ನು ಹೆಣ್ಣು ಹೂವಿನ ಶಲಾಕೆಗೆ ನಾವೇ ಸವರಬಹುದು.

ಅವರೆಯ ಹಟವನ್ನೂ ಮುರಿದದ್ದಾಗಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಹೆಬ್ಬಾಳ ಅವರೆ-೩, ಹೆಬ್ಬಾಳ ಅವರೆ-೪ ಎಂಬ ತಳಿಗಳು ಇರುಳಿನ ಉದ್ದವನ್ನು ಲೆಕ್ಕಿಸದೆ ಬೇರೆ ಕಾಲಗಳಲ್ಲೂ ಕಾಯಿ ಕೊಡುತ್ತವೆ. ಇದು ರೈತನಿಗೆ ದೊಡ್ಡ ಲಾಭವೇ ಸರಿ. ಆದರೂ ಇಬ್ಬನಿಯಲ್ಲಿ ನೆನೆದ ಸೊಗಡಿನ ಅವರೆಯನ್ನು ಬಲ್ಲ ನಾಲಗೆ ಇಂದಿಗೂ ಡಿಸೆಂಬರನ್ನೇ ಕಾಯುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಜೂನ್ ಮೊದಲಲ್ಲಿ ಎರಡು ಕುಂಡಗಳಲ್ಲಿ ನಾಟಿ ಅವರೆಯನ್ನು ಊರಿರಿ. ಸಸಿಗಳು ನಾಲ್ಕಾರು ಎಲೆ ಬಿಟ್ಟ ಮೇಲೆ ಒಂದು ಕುಂಡಕ್ಕೆ ಮಾತ್ರ ದಿನವೂ ಸಂಜೆ ೫ರಿಂದ ಬೆಳಿಗ್ಗೆ ೮ರವರೆಗೆ ಬೆಳಕು ನುಸುಳದ ಪೆಟ್ಟಿಗೆಯನ್ನು ಕವಿಚಿ. ಇನ್ನೊಂದು ಬಯಲಿನಲ್ಲಿಯೇ ಇರಲಿ. ಒಂದು ದಿನವೂ ತಪ್ಪಕೂಡದು. ನಡುರಾತ್ರಿ ದೀಪ ಹಿಡಿದು ಇಣುಕಲೂ ಕೂಡದು. ಎರಡರಲ್ಲಿಯೂ ಮೊದಲ ಮೊಗ್ಗು ಕಂಡ ದಿನವನ್ನು ಬರೆದಿಡಿ.