ದವಾಖಾನೆಯ ಪಾವಟಿಗೆಗಳು



ಅಮೀನಗಡ ಅಂದ ಕೂಡಲೇ ಎಲ್ಲರಿಗೂ ಕರದಂಟು ನೆನಪಾಗುತ್ತದೆ, ಕುರಿ ಸಂತೆ ನೆನಪಾಗುತ್ತದೆ. ದವಾಖಾನೆ ಮಾತ್ರ ಮೈಯಾಗ ನೆಟ್ಟಗಿಲ್ಲದಾಗಷ್ಟೇ ನೆನಪಾಗುತ್ತದೆ. ನಾವು ಎಲ್ಲಕ್ಕೂ ‘ಸರಕಾರಿ ದವಾಖಾನಿ’ ಅಂತ ಒಂದೇ ಹೆಸರು ಹೇಳುತ್ತೇವೆ. ಆದರೆ ಅದು ಒಂದೇ ಅಲ್ಲ. ಬಾವಿಗೆ ಪಾವಟಿಗೆ ಇದ್ದ ಹಾಗೆ ಅದಕ್ಕೂ ಪಾವಟಿಗೆಗಳಿವೆ. ಯಾವ ಪಾವಟಿಗೆಯಲ್ಲಿ ಏನು ಸಿಗುತ್ತದೆ ಅಂತ ಗೊತ್ತಿರಬೇಕು.

ರೋಗಿಗಳನ್ನು ಒಂದು ಕಡೆ ಇಟ್ಟುಕೊಂಡು ನೋಡುವ ಪದ್ಧತಿ ನಮ್ಮ ನಾಡಿಗೆ ಹೊಸದೇನಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಕೋಡಿಯ ಮಠದಲ್ಲಿ ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುತ್ತಿದ್ದರೆಂದು 1162ರ ಶಾಸನದಲ್ಲಿದೆ. ಈಗಿನ ಸರಕಾರಿ ದವಾಖಾನೆಗಳ ಬೇರು ಬೇರೆ. 1943ರಲ್ಲಿ ಬ್ರಿಟಿಷ್ ಸರಕಾರ ಸರ್ ಜೋಸೆಫ್ ಭೋರ್ ಎಂಬವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಆಗ ನಮ್ಮೂರು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ಭೋರ್ ಅವರು ಡಾಕ್ಟರ್ ಅಲ್ಲ, ಸರಕಾರಿ ಅಧಿಕಾರಿ. ಸಮಿತಿ 1946ರಲ್ಲಿ ವರದಿ ಕೊಟ್ಟಿತು. ರೊಕ್ಕ ಇಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು, ರೋಗ ವಾಸಿ ಮಾಡುವುದೂ ರೋಗ ಬಾರದಂತೆ ತಡೆಯುವುದೂ ಒಂದೇ ಕಡೆ ಆಗಬೇಕು ಎಂದು ಅದರಲ್ಲಿ ಹೇಳಿದ್ದರು. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಅದರ ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. ಸಮುದಾಯ ಆರೋಗ್ಯ ಕೇಂದ್ರಗಳು ಹೆಚ್ಚಾದದ್ದು 1980ರ ದಶಕದಲ್ಲಿ.

ಈಗ ಸ್ವಲ್ಪ ಗಣಿತ. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ. 6 ಉಪಕೇಂದ್ರಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ 30,000 ಜನ. ಅಂಥ 4 ಸೇರಿದರೆ ಒಂದು ಸಮುದಾಯ ಆರೋಗ್ಯ ಕೇಂದ್ರ, ಅಂದರೆ 1,20,000 ಜನ. ಅದರ ಮೇಲೆ ಹುನಗುಂದದಲ್ಲಿರುವಂಥ ತಾಲೂಕಾ ಆಸ್ಪತ್ರೆ, ಬಾಗಲಕೋಟೆಯಲ್ಲಿರುವಂಥ ಜಿಲ್ಲಾ ಆಸ್ಪತ್ರೆ. ಉಪಕೇಂದ್ರದಲ್ಲಿ ಸಿಸ್ಟರ್ ಇರುತ್ತಾರೆ, ಚುಚ್ಚುಮದ್ದು ಹಾಕುತ್ತಾರೆ, ಬಸುರಿಯರನ್ನು ನೋಡುತ್ತಾರೆ. ಪ್ರಾಥಮಿಕ ಕೇಂದ್ರದಲ್ಲಿ ಡಾಕ್ಟರ್ ಮತ್ತು ನಾಲ್ಕಾರು ಹಾಸಿಗೆ. ಸಮುದಾಯ ಕೇಂದ್ರದಲ್ಲಿ 30 ಹಾಸಿಗೆ, ಎಕ್ಸರೇ, ಆಪರೇಷನ್ ಕೋಣೆ ಇರಬೇಕು. ಶಸ್ತ್ರಚಿಕಿತ್ಸೆಗೆ, ಹೆರಿಗೆಗೆ, ಮಕ್ಕಳಿಗೆ, ದೊಡ್ಡವರ ಜಡ್ಡಿಗೆ ಹೀಗೆ ನಾಲ್ಕು ಥರದ ತಜ್ಞ ಡಾಕ್ಟರೂ ಇರಬೇಕು.

ಇದು ಯಾಕೆ ಗೊತ್ತಿರಬೇಕು ಅಂತ ನಮ್ಮ ಮನೆಯಲ್ಲೇ ತಿಳಿಯಿತು. ಎರಡು ವರ್ಷದ ಹಿಂದೆ ಹೊಲದಲ್ಲಿ ಕಣಿಕಿ ಸಿವುಡು ಎತ್ತುವಾಗ ನಮ್ಮ ಕಾಕಾನ ಕಾಲಿಗೆ ಹಾವು ಕಡಿಯಿತು. ಮೊದಲು ಮಂತ್ರ ಹಾಕುವವರ ಮನೆಗೆ ಒಯ್ದರು. ಅಲ್ಲಿ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿ ಒಂದು ತಾಸು ಕೂಡಿಸಿದರು. ಕಾಲು ಬಾತು ಕಪ್ಪಾಯಿತು. ಆಮೇಲೆ ನಮ್ಮ ಅಪ್ಪ, “ಸಾಕ್ ಬಿಡ್ರಿ ಇನ್ನ, ದವಾಖಾನಿಗೆ ನಡೀರಿ” ಅಂತ ಎತ್ತಿಕೊಂಡು ಹೋದ.

ದವಾಖಾನೆಯಲ್ಲಿ ಡಾಕ್ಟರ್ ಹಾವು ಯಾವುದು ಅಂತ ಹೆಚ್ಚು ಕೇಳಲಿಲ್ಲ. ಕಾಕಾನ ರಕ್ತ ತೆಗೆದು ಒಂದು ಸಣ್ಣ ಗಾಜಿನ ಕೊಳವೆಯಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟರು. ಆರೋಗ್ಯವಂತರ ರಕ್ತ ಅಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ಕಾಕಾನದು ನೀರಿನ ಹಾಗೆಯೇ ಇತ್ತು. ಮಂಡಲದ ಹಾವಿನ ವಿಷ ರಕ್ತಕ್ಕೆ ಏರಿದರೆ ಹೀಗಾಗುತ್ತದಂತೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಔಷಧ. ಈ ಹಾವುಗಳ ವಿಷವನ್ನು ಕುದುರೆಗೆ ಸ್ವಲ್ಪ ಸ್ವಲ್ಪವೇ ಕೊಟ್ಟು, ಅದರ ರಕ್ತದಿಂದ ಔಷಧ ತಯಾರಿಸುತ್ತಾರೆ. ಮೊದಲ ಔಷಧವನ್ನು ಅಲ್ಲೇ ಹಾಕಿ, 108 ಗಾಡಿಯಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. (ಈ ಗಾಡಿ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಓಡುತ್ತಿದೆ, ರೊಕ್ಕ ಕೊಡಬೇಕಿಲ್ಲ.) ಕಾಕಾ ಉಳಿದ. ಕಾಲಿನ ಎರಡು ಬೆರಳು ಉಳಿಯಲಿಲ್ಲ. ಆ ಒಂದು ತಾಸು ಕಳೆಯದಿದ್ದರೆ ಬೆರಳೂ ಉಳಿಯುತ್ತಿದ್ದವೇನೋ ಅಂತ ನನಗೆ ಅನ್ನಿಸುತ್ತದೆ. ಹಗ್ಗ ಕಟ್ಟಬಾರದು, ಗಾಯ ಕೊಯ್ಯಬಾರದು, ಕಾಲು ಅಲುಗಾಡಿಸದೆ ಕರೆದುಕೊಂಡು ಬರಬೇಕು ಅಂತ ಸಿಸ್ಟರ್ ನಮ್ಮ ಅವ್ವಗ ಹೇಳಿದರು. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವು ಕಡಿದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರಕಾರಕ್ಕೆ ತಿಳಿಸಲೇಬೇಕೆಂಬ ನಿಯಮವಿದೆ.

ಔಷಧವೇ ಇಲ್ಲದ ರೋಗವನ್ನೂ ಈ ದವಾಖಾನೆಯವರು ಓಡಿಸಿದ್ದಾರೆ. ಅದು ನಾರುಹುಣ್ಣು. ನಮ್ಮ ಆಯಿಯ ಮೀನಖಂಡದ ಮೇಲೆ ಅದರ ಕಲೆ ಇನ್ನೂ ಇದೆ. ಪಾವಟಿಗೆ ಬಾವಿಯಲ್ಲಿ ಇಳಿದು ತುಂಬಿದ ನೀರು ಕುಡಿದರೆ, ಕಣ್ಣಿಗೆ ಸರಿಯಾಗಿ ಕಾಣದ ಹುಳದ ಜೊತೆ ಮರಿ ಹೊಟ್ಟೆಗೆ ಹೋಗುತ್ತಿತ್ತು. ಒಂದು ವರ್ಷಕ್ಕೆ ಅದು ಒಂದು ಮೀಟರ್‌ವರೆಗೂ ಬೆಳೆದು ಕಾಲಿನಿಂದ ಹೊರಗೆ ಬರುತ್ತಿತ್ತು. ಉರಿ ತಾಳದೆ ಕಾಲನ್ನು ನೀರಲ್ಲಿ ಇಟ್ಟರೆ ಮತ್ತೆ ಬಾವಿಗೆಲ್ಲ ಮರಿ. “ಕಡ್ಡಿಗಿ ಸುತ್ತಿ ದಿನಾ ಒಂದೀಟ್ ಎಳೀತಿದ್ವಿ, ಹರಿದ್ರ ಕಾಲ್ ಹೋದಂಗ” ಅಂತ ಆಯಿ ಹೇಳುತ್ತಾಳೆ. ಆರೋಗ್ಯ ಇಲಾಖೆಯವರು ಊರೂರು ತಿರುಗಿ ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿದರು, ಬಾವಿಗಳಿಗೆ ಔಷಧ ಹಾಕಿದರು. ಕೊಳವೆಬಾವಿಗಳೂ ಬಂದವು. 1996ರ ನಂತರ ದೇಶದಲ್ಲಿ ಒಬ್ಬರಿಗೂ ಇದು ಬರಲಿಲ್ಲ. 2000ದಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ದೊಡ್ಡದು. 2022ರ ಕೇಂದ್ರ ಸರಕಾರದ ಲೆಕ್ಕದಂತೆ, ದೇಶದ ಹಳ್ಳಿಗಾಡಿನ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞ ಡಾಕ್ಟರರಲ್ಲಿ 100ಕ್ಕೆ ಸುಮಾರು 80 ಜನ ಇಲ್ಲ. ಕಟ್ಟಡ, ಹಾಸಿಗೆ ಎಲ್ಲ ಇದ್ದು, ಅರಿವಳಿಕೆ ಕೊಡುವ ಡಾಕ್ಟರ್ ಒಬ್ಬರು ಇಲ್ಲದಿದ್ದರೆ ರಾತ್ರಿ ಹೊಟ್ಟೆ ಕೊಯ್ದು ಹೆರಿಗೆ ಮಾಡಲು ಆಗುವುದಿಲ್ಲ. ಬಸುರಿ ಮತ್ತೆ ಗಾಡಿ ಹತ್ತಬೇಕು.

ನಮ್ಮ ಶಾಲೆಗೆ ಆರೋಗ್ಯ ತಪಾಸಣೆಗೆ ಡಾಕ್ಟರ್ ಬಂದಾಗ ಕೇಳಲು ನಾವು ಮೂರು ಪ್ರಶ್ನೆ ಬರೆದಿಟ್ಟಿದ್ದೇವೆ. ರಾತ್ರಿ ಹೊತ್ತು ಹಾವಿನ ಔಷಧ ಎಲ್ಲಿ ಸಿಗುತ್ತದೆ? ಅರಿವಳಿಕೆ ಡಾಕ್ಟರ್ ನಮಗೆ ಹತ್ತಿರದಲ್ಲಿ ಎಲ್ಲಿದ್ದಾರೆ? 108 ಬರುವುದು ತಡವಾದರೆ ಯಾರಿಗೆ ಹೇಳಬೇಕು? ಉತ್ತರ ಸಿಕ್ಕ ಮೇಲೆ ಇದೇ ಹಾಳೆಯ ಕೆಳಗೆ ಅಂಟಿಸುತ್ತೇವೆ. ನಿಮಗೂ ಪ್ರಶ್ನೆ ಇದ್ದರೆ ಶುಕ್ರವಾರದೊಳಗೆ ಚೀಟಿ ಬರೆದು ಕೊಡಿರಿ.