ಜವಳಗೇರಾದ ಹುಡುಗರ ಜೊತೆ ಸಿನಿಮಾ: ಕೆಲವು ಪಾಠಗಳು

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ, ಹೆಚ್ಚಾಗಿ ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನ ಜವಳಗೇರಾ ಸುತ್ತಮುತ್ತ, ಹುಡುಗ ಹುಡುಗಿಯರಿಂದ ಮೊಬೈಲಿನಲ್ಲೇ ಕಿರುಚಿತ್ರ ಮಾಡಿಸುತ್ತ ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಯಾರಿಗೆ ತೋರಿಸುತ್ತೀರಿ ಅನ್ನುವುದು ಕಥೆಗಿಂತ ಮೊದಲು ತೀರ್ಮಾನವಾಗಲಿ. ಯೂಟ್ಯೂಬಿಗೆ ಎಂದರೆ ಹುಡುಗರು ಡ್ರೋನ್ ಬಾಡಿಗೆ ವಿಚಾರಿಸುತ್ತಾರೆ. ಗುಡಿ ಮುಂದೆ ಬಿಳಿ ಪರದೆ ಕಟ್ಟಿ ಊರಿಗೇ ತೋರಿಸೋಣ ಎಂದರೆ ಮಾತೇ ಬದಲಾಗುತ್ತದೆ: "ದೊಡ್ಡಪ್ಪ ಕುಂತು ನೋಡ್ತಾನ್ರೀ, ಸುಳ್ಳು ಹೇಳಾಕಾಗಲ್ಲ." ಈ ಅಂಜಿಕೆ ನನಗೆ ಬೇಕು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿದ್ದು ಹಳ್ಳಿಯಲ್ಲಿ ನೋಡುಗರನ್ನು ಬೆಳೆಸಲಿಕ್ಕೆ. ಆದರೆ ನಮ್ಮ ಶಿಬಿರಗಳಲ್ಲಿ ಶೂಟಿಂಗಿಗೆ ಇರುವ ಹೊತ್ತು ನೋಡಲಿಕ್ಕೆ ಇರುವುದಿಲ್ಲ.

2. ಫಾರ್ವರ್ಡ್ ಆಗಿ ಬಂದದ್ದು ನಮ್ಮ ಚಿತ್ರವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ನೀರು ಭೋರ್ಗರೆಯುವ ಅದೇ ವಿಡಿಯೊ ಎಲ್ಲರ ಫೋನಿನಲ್ಲೂ ಇತ್ತು. ಅದನ್ನೇ ತುರುಕಿ ಹಿನ್ನೆಲೆ ಸಂಗೀತ ಹಾಕಿದರೆ ಟಿ.ವಿ. ಸುದ್ದಿಯಾಗುತ್ತದೆ. 'ಗೇಟು ಹೋದದ್ದು ಅಲ್ಲಿ, ನಿಮ್ಮ ಗದ್ದೆಯಲ್ಲಿ ಏನಾಯಿತು?' ಎಂದು ಕೇಳಿ. ಭತ್ತ ತೆನೆ ಕಟ್ಟುವತನಕ ನೀರು ಬರುತ್ತದೋ ಇಲ್ಲವೋ, ಗೊಬ್ಬರಕ್ಕೆ ಇನ್ನಷ್ಟು ಸಾಲ ಮಾಡಬೇಕೋ ಬೇಡವೋ ಎಂದು ಮನೆಮನೆಯಲ್ಲಿ ನಡೆದ ವಾದವನ್ನು ಯಾವ ಚಾನೆಲ್ಲೂ ತೆಗೆದಿರಲಿಲ್ಲ.

3. ದನಿಗೆ ದುಡ್ಡು ಹಾಕಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ರಾಯಚೂರು ರಸ್ತೆಯ ಲಾರಿ, ಭತ್ತ ಕೊಯ್ಯುವ ಮಷೀನು, ಗುಡಿಯ ಮೈಕು: ಸದ್ದಿಲ್ಲದ ಹೊತ್ತೇ ಇಲ್ಲ. ನಾಟಿಗೆ ಬಂದ ಹೆಂಗಸರನ್ನು ಮಾತಾಡಿಸುವಾಗ ಒಬ್ಬ ಹುಡುಗಿ ಇಯರ್‌ಫೋನಿನ ಮೈಕನ್ನು ಒಬ್ಬಾಕೆಯ ಸೆರಗಿನ ಅಂಚಿಗೆ ಸೇಫ್ಟಿ ಪಿನ್ನಿನಿಂದ ಚುಚ್ಚಿ, ಫೋನನ್ನು ಆಕೆಯ ಸೊಂಟಕ್ಕೆ ಸಿಕ್ಕಿಸಿದಳು. ಚಿತ್ರವನ್ನು ಇನ್ನೊಂದು ಫೋನಿನಲ್ಲಿ ಬದುವಿನಿಂದ ತೆಗೆದಳು. ಸ್ವಲ್ಪ ಹೊತ್ತಿಗೆ ಮೈಕ್ ಇರುವುದನ್ನೇ ಮರೆತು ಆ ಹೆಂಗಸರು ಕೂಲಿ ಲೆಕ್ಕ, ಸೊಸೆಯ ಸುದ್ದಿ ಎಲ್ಲ ಆಡಿದರು. ಕೆಸರಿನಲ್ಲಿ ಕಾಲು ಕಿತ್ತಿಡುವ ಪಚಪಚ ಸದ್ದೂ ಸಿಕ್ಕಿತು. ಸೊಸೆಯ ಸುದ್ದಿಯನ್ನು ಕತ್ತರಿಸಿದೆವು, ಬಿಡಿ.

4. ಶೂಟಿಂಗ್ ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದರ ನಂತರ. ಮಧ್ಯಾಹ್ನದ ರಾಯಚೂರು ಬಿಸಿಲಿಗೆ ಮುಖವೂ ಕಪ್ಪು, ಫೋನೂ ಬಂದ್.

5. ಕಾಲುವೆಯ ಕೆಳಭಾಗದ ರೈತ ಸಿಟ್ಟಿನಲ್ಲಿ 'ಮ್ಯಾಲಿನವ್ರು ನೀರು ಕದೀತಾರ' ಅನ್ನುತ್ತಾನೆ. 227 ಕಿ.ಮೀ. ಉದ್ದದ ಕಾಲುವೆಯಲ್ಲಿ ಇದು ಪ್ರತಿ ಹಂಗಾಮಿನ ಜಗಳ. ಆದರೆ ಹಾಗಂದವನು, ಅನ್ನಿಸಿಕೊಂಡವನು ಸಂತೆಯಲ್ಲಿ ಎದುರಾಗುವವರು. ಆದ್ದರಿಂದ ಎಡಿಟ್ ಮುಗಿಯುವ ಮೊದಲು ಚಿತ್ರದಲ್ಲಿದ್ದವರಿಗೆಲ್ಲ ತೋರಿಸಬೇಕು. ಬೇಡ ಅಂದದ್ದನ್ನು ವಾದ ಮಾಡದೆ ತೆಗೆಯಬೇಕು. ಇನ್ನೂ ನಾಜೂಕಿನದು ಗ್ಯಾಂಗ್‌ಮನ್‌ಗಳ ಮಾತು. ತೂಬು ಎತ್ತುವ ಇಳಿಸುವ ಈ ಮಂದಿಯಲ್ಲಿ ಎಷ್ಟೋ ಜನ ಗುತ್ತಿಗೆಯವರು. ನೀರಿನ ಗೇಜ್ ಎಷ್ಟಿತ್ತು, ಯಾರ ಫೋನ್ ಬಂತು ಎಂದು ಕ್ಯಾಮೆರಾ ಮುಂದೆ ಹೇಳಿದರೆ ಕೆಲಸಕ್ಕೇ ಕುತ್ತು. ನಾವು ಮುಖ ಬಿಟ್ಟು ತೂಬಿನ ಚಕ್ರ ತಿರುಗಿಸುವ ಕೈಯನ್ನಷ್ಟೇ ತೆಗೆದೆವು.

6. ಸಂಭಾಷಣೆ ಬರೆದುಕೊಡಬೇಡಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ನಟಿಸಿದ 'ತಿಥಿ' ಸಿನಿಮಾ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದದ್ದು ಅವರ ಮಾತಿನ ಲಯ ಹಾಗೇ ಉಳಿದದ್ದರಿಂದಲೂ ಹೌದು ಎಂದು ನನ್ನ ನಂಬಿಕೆ. ಸಿಂಧನೂರಿನ ಹುಡುಗನಿಗೆ ಬೆಂಗಳೂರು ಕನ್ನಡ ಕೊಟ್ಟರೆ ಭಾಷಣ ಒಪ್ಪಿಸುತ್ತಾನೆ.

7. ಮನೆಯವರು ಹುಡುಗಿಯರನ್ನು ಶೂಟಿಂಗಿಗೆ ಕಳಿಸಬೇಕಾದರೆ ಮೊದಲು ಅವರ ಅವ್ವಂದಿರ ಹತ್ತಿರ ಕೂತು ಚಾ ಕುಡಿಯಿರಿ. ಕತ್ತಲಾಗುವ ಮೊದಲು ಮನೆ ಮುಟ್ಟಿಸುವ ಮಾತು ಕೊಡಿ.

8. ಮೂಲ ಫೈಲುಗಳನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ ಇಡಿ. ಒಂದು ಊರಿನಲ್ಲೇ ಇರಲಿ. ಕ್ಯಾಮೆರಾ ಹಿಡಿದ ಹುಡುಗ ಬೇಸಿಗೆಯಲ್ಲಿ ದುಡಿಯಲು ಬೆಂಗಳೂರಿಗೆ ಹೊರಟರೆ ಅವನ ಜೊತೆ ಫೋನೂ ಹೋಗುತ್ತದೆ.